ಹದಿನೆಂಟನೆಯ ಕಿರುಗಂಬ

ಗುರುವಾರ ಮಗು ಬರುತ್ತದೆ.
ಹೆಸರು ಇನ್ನೂ ತಿಳಿಸಿಲ್ಲ, ವಯಸ್ಸು ಮಾತ್ರ: ನಾಲ್ಕು.
ಕಚೇರಿಯ ಕಾಗದದಲ್ಲಿ ನಮ್ಮ ಮಹಡಿಯ ಕಟಕಟೆಗೆ
ಕೆಂಪು ಗೆರೆ ಬಿದ್ದಿದೆ:
ಸಂದು ನಾಲ್ಕಂಗುಲ ಮೀರಕೂಡದು.

ನಮ್ಮದು ಅಪ್ಪನ ಕಣ್ಣಳತೆಯ ಕೆಲಸ.
ಒಂದೆಡೆ ಐದು, ಒಂದೆಡೆ ಏಳು, ಮೂಲೆಯಲ್ಲಿ ದೇವರೇ ಬಲ್ಲ.
ಕೆಳಗೆ ಯಾರೋ ಬಾಗಿಲು ಬಡಿದದ್ದು ಯಾರೆಂದು ನೋಡಲು
ನನ್ನ ತಮ್ಮ ಹೆಡ್ಲಿ ತಲೆ ತೂರಿಸಿದ.
ತಲೆ ಹೋಯಿತು, ಕಿವಿ ವಾಪಸು ಬರಲಿಲ್ಲ.
ಬೆಣ್ಣೆ ಸವರಿ ಬಿಡಿಸುವ ಹೊತ್ತಿಗೆ
ಅತ್ತು ಅತ್ತು ಅವನು ಕಚ್ಚಿದ ಮರದಲ್ಲಿ
ನಾಲ್ಕು ಹಲ್ಲಿನ ಗುರುತು.

ಕ್ಲಾರ್ ಏಡಿ ದೋಣಿಯಲ್ಲಿದ್ದಾನೆ, ಮೇ ತಿಂಗಳಿಡೀ.
ಹೋಗುವ ಮುನ್ನ ರೊಟ್ಟಿಯ ಚೀಲದ ಮೇಲೆ ಲೆಕ್ಕ ಬರೆದಿಟ್ಟ:
ಕಂಬದಿಂದ ಕಂಬಕ್ಕೆ ತೊಂಬತ್ತನಾಲ್ಕು ಅಂಗುಲ,
ಕಿರುಗಂಬದ ದಪ್ಪ ಒಂದೂಕಾಲು,
ಹದಿನೇಳು ಸಾಕು.
ಹದಿನೇಳು ತರಿಸಿದೆ. ಬರ್ಚ್ ಮರ, ಹಾಲಿನ ಬಣ್ಣ,
ಮುಖ್ಯಭೂಮಿಯಿಂದ ಹಡಗಿನಲ್ಲಿ ಬಂದದ್ದು.

ಪಕ್ಕದ ಮನೆಯ ಆಂಬ್ರೋಸ್ ಪೆಲಿ
ನಲವತ್ತು ವರ್ಷ ದೋಣಿ ಕಟ್ಟಿದವನು,
ನೇರ ಗೆರೆ ಕಂಡರೆ ಅವನಿಗೆ ಅನುಮಾನ.
ಚೀಲ ತಿರುಗಿಸಿ ನೋಡಿದ, ಮೂಗು ಕೆರೆದುಕೊಂಡ.
'ಹದಿನೇಳಕ್ಕೆ ಸಂದು ಹದಿನೆಂಟು, ವರ್ನಾ.
ಪ್ರತಿಯೊಂದೂ ನಾಲ್ಕಕ್ಕಿಂತ ಕೂದಲೆಳೆ ಜಾಸ್ತಿ.'
ಕೂದಲೆಳೆ ತಾನೇ, ಅಂದೆ.
'ಚೆಂಡಿಗೆ ದಾಕ್ಷಿಣ್ಯ ಇರುವುದಿಲ್ಲ.'

ಹಾಗಾದರೆ ಹದಿನೆಂಟು. ಅಂಗಡಿಯವನು
ಮುಂದಿನ ಹಡಗು ಸೋಮವಾರ ಅಂದ.

ಕೊಟ್ಟಿಗೆಯಲ್ಲಿ ಹಳೆಯವನ್ನು ಒಲೆಗೆಂದು ಒಟ್ಟಿದ್ದೆ.
ಕೆದಕಿದೆ. ಹಲ್ಲಿನ ಗುರುತಿನದು ಕೈಗೆ ಸಿಕ್ಕಿತು.

'ಭಾಗಾಕಾರ ಬೇಡ' ಎಂದ ಆಂಬ್ರೋಸ್,
ತನ್ನ ಹಳೆಯ ಒಳಚಡ್ಡಿಯ ಎಲಾಸ್ಟಿಕ್ ಬಿಚ್ಚಿ ತಂದ.
(ಒಗೆದದ್ದು, ಎಂದು ಎರಡು ಸಲ ಹೇಳಿದ.)
ಸಡಿಲವಾಗಿ ಮಲಗಿಸಿ, ಸಮದೂರಕ್ಕೆ ಶಾಯಿಯ ಗೆರೆ.
ಆಮೇಲೆ ಅವನೊಂದು ತುದಿ, ನಾನೊಂದು ತುದಿ.
ಸೆಳೆದೆವು.
ಗೆರೆಗಳು ಒಂದನ್ನೊಂದು ನೂಕಾಡದೆ,
ತಮ್ಮ ಪಾಲಿನಷ್ಟೇ ದೂರ ಸರಿದು
ಎಲ್ಲವೂ ಒಟ್ಟಿಗೆ ನಿಂತವು.
ಮೂರು ಜನ ಒಡಹುಟ್ಟಿದವರು ಅಪ್ಪನ ಗದ್ದಲದಲ್ಲಿ
ಹೀಗೊಮ್ಮೆಯೂ ನಿಂತದ್ದು ನನಗೆ ನೆನಪಿಲ್ಲ.

ತೂತು ಕೊರೆದೆ. ಗೋಂದು, ಓಳಂಬ, ಮತ್ತೆ ಓಳಂಬ.
ನೆಲ ಕಡಲ ಕಡೆಗೆ ಇಳಿಜಾರು, ಮನೆಗೆ ಅದು ಅಭ್ಯಾಸ,
ಆದರೆ ಕಿರುಗಂಬ ನೆಟ್ಟಗೆ ನಿಲ್ಲಬೇಕು
ನೆಲದ ಮಾತು ಕೇಳದೆ.
ಕಿಟಕಿಯಾಚೆ ಹಿಮದ ಗುಡ್ಡವೊಂದು ದಿನವಿಡೀ
ಕೊಲ್ಲಿಯ ಬಾಯಲ್ಲಿ ಸಿಕ್ಕಿಕೊಂಡಿತ್ತು,
ಬೆಣ್ಣೆ ಸವರುವವರಿಲ್ಲದೆ.

ರಾತ್ರಿ ಟರ್ನಿಪ್ ಗಡ್ಡೆಯೊಂದನ್ನು
ಸರಿಯಾಗಿ ನಾಲ್ಕಂಗುಲಕ್ಕೆ ಕೆತ್ತಿ
ಸಂದಿಸಂದಿಗೂ ಒತ್ತಿ ನೋಡಿದೆ. ಹತ್ತೊಂಬತ್ತು ಸಲ.
ಎಲ್ಲೂ ತೂರಲಿಲ್ಲ. ಮರುದಿನ ಅದೇ ಸಾರಿಗೆ.

ಬುಧವಾರ ಮಿಸ್ ಗಾಸ್ ಬಂದಳು, ಕೈಯಲ್ಲಿ ನೀಲಿ ಚೆಂಡು.
ಮಂಡಿಯೂರಿ ತಳ್ಳಿದಳು, ಎದ್ದಳು, ಸಹಿ ಹಾಕಿದಳು.
ಕೊನೆಯದರ ಬಣ್ಣ ಬೇರೆ, ಅಂದಳು.
ಹೌದು, ಅಂದೆ.

ಹಳೆಯದರ ಗೂಟ ಸಣ್ಣದು, ಹೊಸ ತೂತು ದೊಡ್ಡದು.
ಚೂರು ಚಕ್ಕೆ ತುಂಬಿ ಅಂಟಿಸಿದ್ದೆ.
ಕದಲದು, ಕಳಚದು,
ಆದರೆ ಹಿಡಿದು ತಿರುಗಿಸಿದರೆ ತಿರುಗುತ್ತದೆ.
ಚೆಂಡು ಅದನ್ನು ಕೇಳಲಿಲ್ಲ.

ಅವಳ ಹೆಸರು ಡೆಲ್ಲಾ.
ಮೂರು ದಿನ ಮಾತಿಲ್ಲ. ಚಮಚ ಹಿಡಿದು
ಕಟಕಟೆಯುದ್ದಕ್ಕೂ ಟಕ್ ಟಕ್ ಟಕ್
ಒಂದೇ ಅಳತೆಯ ಸದ್ದು ಮಾಡುತ್ತಾ ಹೋಗುವಳು,
ಕೊನೆಗೆ ಬಂದಾಗ ಟೊಕ್.
ನಾಲ್ಕನೆಯ ದಿನ ಅಲ್ಲೇ ಕುಳಿತಳು.
ತಿರುಗಿಸಿದಳು: ಕಿರ್ರ್.
ಹಲ್ಲಿನ ಗುಳಿಗಳಲ್ಲಿ ಬೆರಳಿಟ್ಟು,
ಒಂದೊಂದಾಗಿ, ನಾಲ್ಕರಲ್ಲೂ ಇಟ್ಟು,
'ಯಾರು ಕಚ್ಚಿದ್ದು?' ಅಂದಳು.

ಗೋಂದಿನ ಡಬ್ಬಿ ಗೂಡಿನಲ್ಲೇ ಇದೆ.
ಬಿಗಿ ಮಾಡಬೇಕು, ನಿಜ.
ಕ್ಲಾರ್ ಬರಲಿ ಅಂತಿದ್ದೇನೆ.